ಅಟ್ಟದ ಕೆಳಗಿನ ಎರಡು ಜೋಡಿ ಸ್ಪೀಕರ್

ನಮ್ಮಪ್ಪನ ಕಿವಿ ಅಂದರೆ ಕಿವಿ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದರು. ಆದರೆ ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ಒಂದು ಸಲ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದಕ್ಕೆ ಅಜ್ಜಂಪುರದವರೂ ದೇವನೂರಿನವರೂ ಅಪ್ಪನನ್ನೇ ಕರೆಸುತ್ತಿದ್ದರು. ಲೊಟಲೊಟ ಅಂದರೆ ಒಡೆಯಬಹುದು, ಇಲ್ಲದಿದ್ದರೆ ಇನ್ನೂ ಕಾಯಬೇಕು. ಅಪ್ಪ ತಪ್ಪಿದ್ದನ್ನು ನಾನು ಕಂಡವಳಲ್ಲ. ಎಂಬತ್ತರ ದಶಕದ ಆ ಒಂದು ವರ್ಷ ಮಾತ್ರ, ಹಸಿ ಬೆರೆತಿದೆ ಎಂದು ಮಂಡಿಯವರು ಒಂದು ಮೂಟೆ ವಾಪಸ್ ಕಳಿಸಿಬಿಟ್ಟರು. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ನನ್ ಕಿವೀನೇ ಸುಳ್ಳು ಅಂತಾರೇನೇ?" ಎಂದು ನನ್ನನ್ನು ಕೇಳಿದ, ಕಳಿಸಿದವಳು ನಾನೇ ಎನ್ನುವ ಹಾಗೆ.

ಆ ಹೊತ್ತಿಗೆ ನನಗೆ ಸ್ಪೀಕರಿನ ಹುಚ್ಚು ಹಿಡಿದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಟ್ಟದ ಕೆಳಗಿನ ಕೋಣೆಯನ್ನು ಹಾಡು ಕೇಳುವುದಕ್ಕೆಂದೇ ಖಾಲಿ ಮಾಡಿಸಿ, ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿದ್ದೆ. ರೆಕಾರ್ಡ್ ಪ್ಲೇಯರ್ ಇತ್ತು, ಆಂಪ್ಲಿಫೈಯರ್ ಇತ್ತು, ಒಳ್ಳೆಯ ಸ್ಪೀಕರ್ ಒಂದು ಬಾಕಿ. "ಗಂಡು ನೋಡೋ ವಯಸ್ನಲ್ಲಿ ಪೆಟ್ಗೆ ನೋಡ್ತಾ ಕೂತವ್ಳೆ" ಎಂದು ಅವ್ವ ಅಕ್ಕಪಕ್ಕದವರ ಮುಂದೆ ಗೊಣಗುತ್ತಿದ್ದಳು.

ತರೀಕೆರೆಯ ರೇಡಿಯೊ ಮೆಕ್ಯಾನಿಕ್ ಎರಡು ಜೋಡಿ ತಂದಿಳಿಸಿದ. ಒಂದು ವಿಲಾಯಿತಿಯದು. ಕಾಫಿ ತೋಟ ಮಾರಿಕೊಂಡು ಹೋದ ಯಾರೋ ಸಾಹುಕಾರರ ಬಂಗಲೆಯಲ್ಲಿದ್ದದ್ದು, ನನ್ನ ಸೊಂಟದೆತ್ತರ. ಇನ್ನೊಂದು ಅವನೇ ಹಲಸಿನ ಹಲಗೆಯಲ್ಲಿ ಕಟ್ಟಿದ್ದು. "ಹದಿನೈದು ದಿನ ಎರಡೂ ಕೇಳಿ ಟೀಚರಮ್ಮ. ಬ್ಯಾಡದ್ದನ್ನ ನಾನು ವಾಪಸ್ ತಗಂಡೋಯ್ತೀನಿ" ಅಂದ. ನಾನು ಅಪ್ಪನ ಕಡೆ ತಿರುಗಿ, "ತೀರ್ಮಾನ ನಿಂದೇ ಅಪ್ಪ. ಈ ಮನೇಲಿ ಕಿವಿ ಅಂತ ಇರೋದು ನಿಂಗೇ ತಾನೆ?" ಅಂದೆ. ಮೂಟೆ ವಾಪಸ್ ಬಂದ ಮೇಲೆ ಅಪ್ಪ ನಕ್ಕಿದ್ದು ಅವತ್ತೇ ಮೊದಲು. ಅವ್ವ ಮಾತ್ರ ನನ್ನನ್ನು ದುರುದುರು ನೋಡಿ ಒಳಗೆ ಹೋದಳು. ಯಾಕೆಂದು ನನಗೆ ಹೊಳೆಯಲಿಲ್ಲ.

ಹಲಸಿನ ಜೋಡಿಯಲ್ಲಿ ಹಾಡುವವರು ಎದುರಿಗೇ ಕೂತಿದ್ದಾರೆ ಅನ್ನಿಸುತ್ತಿತ್ತು, ಆದರೆ ಮೃದಂಗ ತೀರ ತೆಳು. ವಿಲಾಯಿತಿ ಜೋಡಿಯಲ್ಲಿ ಅದೇ ರೆಕಾರ್ಡು ಹಾಕಿದರೆ ಮೃದಂಗದ ಧೋಂ ಸೀದಾ ಎದೆಗೆ ಬರುತ್ತಿತ್ತು. ಅದರ ಬೆನ್ನಿಗೇ ಎಲ್ಲಿಂದಲೋ ಸಣ್ಣಗೆ ಕಟಕಟ.

"ಕೇಳಿಸ್ತೇನಪ್ಪ, ಕಟಕಟ ಅಂದಿದ್ದು?"

"ಎಲ್ಲೇ? ಏನೂ ಇಲ್ಲ. ನಾದ ದುಂಡಗೈತೆ."

ಮತ್ತೆ ಹಾಕಿದೆ. ಮತ್ತೆ ಕಟಕಟ. ಅಪ್ಪ ಮತ್ತೆ ಏನೂ ಇಲ್ಲ ಅಂದ. ಹಟಕ್ಕೆ ಬಿದ್ದು ಒಂದು ಪೆಟ್ಟಿಗೆಯನ್ನು ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ತರೀಕೆರೆಗೆ ಹೋದೆ. ಮೆಕ್ಯಾನಿಕ್ ತನ್ನ ಅಂಗಡಿಯಲ್ಲಿ ಅದಕ್ಕೆ ತಂತಿ ಕೊಟ್ಟರೆ ಬೆಣ್ಣೆಯ ಹಾಗೆ ನುಣ್ಣಗೆ ನುಡಿಯಿತು! ಹಿಂಬದಿ ಬಿಚ್ಚಿ ನೋಡಿದ, ಸಡಿಲವಾದದ್ದು ಏನೂ ಇಲ್ಲ. "ಇಲ್ಲಿ ಸುಮ್ನಿರ್ತೈತೆ, ನಿಮ್ಮೂರಿಗೆ ಬಂದ್ರೆ ಗೊಣಗ್ತೈತೆ ಅಂದ್ರೆ ಹೆಂಗೆ ಟೀಚರಮ್ಮ? ನಿಮ್ ಕಿವೀನೇ ಒಂದ್ಸಲ ತೋರಿಸ್ಬಿಡಿ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಉರಿದರೂ ಡಾಕ್ಟರ ಹತ್ತಿರ ಹೋದೆ! ಅಪ್ಪನ ಕಿವಿ ಸುಳ್ಳಾಗುವುದಕ್ಕೆ ಸಾಧ್ಯವಿಲ್ಲವಲ್ಲ, ಹಾಗಾದರೆ ಸುಳ್ಳು ನನ್ನದೇ ಇರಬೇಕು. ಡಾಕ್ಟರು ನನ್ನ ಕಿವಿಯಿಂದ ಒಂದಿಷ್ಟು ಗುಗ್ಗೆ ತೆಗೆದು, "ನಿಮಗೆ ಸೂಜಿ ಬಿದ್ದರೂ ಕೇಳುತ್ತೆ, ಹೋಗಿ" ಎಂದರು.

ಮನೆಗೆ ಬಂದು ಹಾಕಿದರೆ ಕಟಕಟ ಮೊದಲಿಗಿಂತ ಚೆನ್ನಾಗಿ ಕೇಳಿಸಿತು. ಗುಗ್ಗೆ ತೆಗೆಸಿಕೊಂಡದ್ದಕ್ಕೆ ಅಷ್ಟೇ ಲಾಭ. ಪೆಟ್ಟಿಗೆಯ ಜಾಗ ಬದಲಿಸಿದೆ, ಕೆಳಗೆ ಗೋಣಿತಾಟು ಹಾಸಿದೆ. ಒಂದು ದಿನ ವಿಲಾಯಿತಿಯೇ ಇರಲಿ ಅನ್ನಿಸುತ್ತಿತ್ತು, ಮರುದಿನ ಹಲಸಿನದು. ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಹದಿಮೂರು ದಿನ ಹೀಗೇ ಕಳೆದವು.

ಹದಿನಾಲ್ಕನೆಯ ದಿನ ಭಾನುವಾರ. ಅಪ್ಪ ತೋಟಕ್ಕೆ ಹೋಗಿದ್ದ. ನಾನು ವಿಲಾಯಿತಿಯದನ್ನು ಜೋರಾಗಿ ಹಾಕಿಕೊಂಡು ಕೂತಿದ್ದೆ. ತಲೆಯ ಮೇಲಿಂದ ಅವ್ವನ ಕೂಗು ಬಂತು. "ಲೇ, ನಿಲ್ಸೇ ಅದನ್ನ! ಕಾಯೆಲ್ಲಾ ಒಟ್ಟಿಗೆ ಕುಣೀತಾವೆ. ಯಾವುದು ಬಿಟ್ಟೈತೆ ಯಾವುದು ಬಿಟ್ಟಿಲ್ಲ ಅಂತ ನನಗೆ ಹೆಂಗ್ ತಿಳೀಬೇಕು?"

ಏಣಿ ಹತ್ತಿದೆ. ಒಡೆಯುವುದಕ್ಕೆಂದು ಸುಲಿದಿಟ್ಟ ಕಾಯಿಗಳು ಅಟ್ಟದ ಹಲಗೆಯ ಮೇಲೆ ಹರಡಿದ್ದವು, ನನ್ನ ಸ್ಪೀಕರಿನ ನೇರ ಮೇಲಕ್ಕೆ. ಒಂದು ಟ್ಯೂನಿಂಗ್ ಫೋರ್ಕ್ ಮೀಟಿದರೆ ಪಕ್ಕದ್ದೂ ಗುಂಯ್ ಅನ್ನುತ್ತದೆ ಎಂದು ವರ್ಷ ವರ್ಷ ಮಕ್ಕಳಿಗೆ ತೋರಿಸುವವಳು ನಾನು. ಆ ಕಟಕಟ ಈ ಕಾಯಿಗಳದೇ, ಥೂ ನನ್ನ ಬುದ್ಧಿಗಿಷ್ಟು! ನಗು ಬಂತು. ನಗುತ್ತಲೇ ಕೇಳಿದೆ, "ಅಪ್ಪ ಆರಿಸಿಟ್ಟ ಕಾಯಿ ತಾನೆ ಇವು? ನೀನ್ಯಾಕೆ ಮತ್ತೆ ಅಲ್ಲಾಡಿಸ್ತಿದೀಯ?"

ಅವ್ವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. "ಎರಡು ವರ್ಸದಿಂದ ನೋಡ್ತಿದೀನಿ ಕಣೇ. ಅವರು ಆರಿಸ್ತಾರೆ, ಅವರು ಆಚೆ ಹೋದ್ಮೇಲೆ ನಾನು ಹಸೀದನ್ನೆಲ್ಲ ತೆಗೆದಾಕ್ತೀನಿ. ನಾನು ಜ್ವರ ಬಂದು ಮಲಗಿದ್ನಲ್ಲ, ಆವಾಗ ಹೋದ ಮೂಟೆನೇ ವಾಪಸ್ ಬಂದಿದ್ದು. ಬಾಯ್ಬಿಟ್ಟೀಯ ಜೋಕೆ. ಆ ಕಿವಿ ಇಲ್ಲ ಅಂದ್ರೆ ನಿಮ್ಮಪ್ಪ ಬದುಕಲ್ಲ."

ಏಣಿಯ ಮೇಲೆ ನಿಂತವಳಿಗೆ ಇಳಿಯುವುದಕ್ಕೇ ತೋಚಲಿಲ್ಲ. ಹದಿಮೂರು ದಿನ ನಾನು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಕೇಳಿಸ್ತೇನಪ್ಪ, ಕೇಳಿಸ್ತೇನಪ್ಪ ಎಂದು ಪೀಡಿಸಿದ್ದೆ.

ಸಂಜೆ ಅಪ್ಪ ಕೈಕಾಲು ತೊಳೆದುಕೊಂಡು ತಾನಾಗಿಯೇ ಬಂದು ಜಮಖಾನದ ಮೇಲೆ ಕೂತ. "ನಾಳೆ ಅವನು ಬತ್ತಾನಲ್ಲ. ಹಾಕು, ಹೇಳ್ತೀನಿ" ಅಂದ. ಮೊದಲು ಹಲಸಿನದನ್ನು ಹಾಕಿದೆ, ಆಮೇಲೆ ವಿಲಾಯಿತಿಯದನ್ನು. ಅಪ್ಪ ಮುಂದೆ ಜರುಗಿ ಪೆಟ್ಟಿಗೆಯ ಮೇಲೆ ಅಂಗೈ ಊರಿದ. ಧೋಂ ಅಂದಾಗಲೆಲ್ಲ ಅವನ ಮುಖ ಅರಳುತ್ತಿತ್ತು.

"ಇದೇ ಇರ್ಲಿ. ಇದ್ರಲ್ಲಿ ಜೀವ ಐತೆ" ಅಂದ. ಆಮೇಲೆ ಕೈ ತೆಗೆಯದೆ, ನನ್ನ ಬಾಯನ್ನೇ ನೋಡುತ್ತಾ, ಮೆಲ್ಲಗೆ ಕೇಳಿದ: "ಆ ಕಟಕಟ ಅಂತಿದ್ದೆಯಲ್ಲ, ಇನ್ನೂ ಐತೇನವ್ವ?"

ನಮ್ಮಿಬ್ಬರ ತಲೆಯ ಮೇಲೆ ಅಟ್ಟಕ್ಕೆ ಅಟ್ಟವೇ ಲೊಟಲೊಟ ಅನ್ನುತ್ತಿತ್ತು.

"ಇಲ್ಲಪ್ಪ," ಎಂದೆ. "ಏನೂ ಇರಲೇ ಇಲ್ಲ. ನೀನು ಹೇಳಿದ್ದೇ ಸರಿ."