ಹಿಂದಿನ ಗಾಜಿನ ಪಾಚಿ

ಬೆಳಗಿನ ಆರು ಗಂಟೆ. ವಿಜಯಪುರದ ಜಲನಗರದಲ್ಲಿ ನಂದಕಿಶೋರ ಅವರ ಪಡಸಾಲೆ. ಅಮಸಿದ್ದ ಮಂಡಿಯೂರಿ ಕುಳಿತು, ಮೀನಿನ ತೊಟ್ಟಿಗೆ ಇಳಿಬಿಟ್ಟ ಪೈಪಿನ ತುದಿಯನ್ನು ಬಾಯಿಗಿಟ್ಟು ಒಮ್ಮೆ ಎಳೆಯುತ್ತಾರೆ. ಹಸಿರು ನೀರು ಬಕೆಟ್ಟಿಗೆ ಇಳಿಯುತ್ತದೆ. ಇಡೀ ತೊಟ್ಟಿ ಬರಿದು ಮಾಡಿ ಫಳಫಳ ತೊಳೆಯಬೇಕೆಂಬುದು ಮನೆಯೊಡತಿ ಮೃಣಾಲ ಅವರ ಆಸೆ. ಅಮಸಿದ್ದ ಒಪ್ಪುವುದಿಲ್ಲ. ಕಾಲುಭಾಗ ಇಳಿದ ಕೂಡಲೇ ಪೈಪು ಎತ್ತುತ್ತಾರೆ. ಮುಂದಿನ ಗಾಜು ಉಜ್ಜಿ, ಹಿಂದಿನ ಗಾಜಿನ ಪಾಚಿಯನ್ನು ಮೀನು ಮೇಯಲೆಂದು ಹಾಗೇ ಬಿಡುತ್ತಾರೆ.

"ಪಾಚಿ ಚಾಡಿಕೋರ ಇದ್ದಂಗ್ರೀ ಅಕ್ಕಾರ. ಮೂರು ಹೊತ್ತು ಕಾಳು ಹಾಕೀರಿ, ಮೀನು ತಿಂದಿಲ್ಲ. ಅದು ಕೊಳತು ಪಾಚಿಗೆ ಗೊಬ್ಬರ ಆಗೈತಿ. ಮ್ಯಾಲ ಕಿಟಕಿ ಬಿಸಲು. ಒಂದು ಚಿಟಿಕಿ ಹಾಕ್ರಿ, ಪರದೆ ಎಳೀರಿ."

"ಹಂಗ ಮಾಡಿದ್ರ ನಿಮ್ಮನ್ನ ಯಾಕ ಕರೀಬೇಕು?" ಎಂದು ಮೃಣಾಲ ನಗುತ್ತಾರೆ.

ಫಿಲ್ಟರಿನ ಸ್ಪಂಜನ್ನು ಅಮಸಿದ್ದ ನಲ್ಲಿಗೆ ಹಿಡಿಯುವುದಿಲ್ಲ, ತೆಗೆದ ಹಳೆಯ ನೀರಿನಲ್ಲೇ ಹಿಂಡುತ್ತಾರೆ. ಹೊಲಸು ತಿಂದು ನೀರು ಕಾಯುವ, ಕಣ್ಣಿಗೆ ಕಾಣದ ಜೀವಗಳು ಅದರಲ್ಲಿವೆ. ತೊಟ್ಟಿಗೆ ನಿನ್ನೆ ಹಿಡಿದಿಟ್ಟ ನೀರು, ಮಲ್ಲಿಗೆ ಬಳ್ಳಿಗೆ ಹಸಿರು ನೀರು.

ಅಮಸಿದ್ದ ಕಾಖಂಡಕಿಯ ಕುರಿಗಾರರ ಮನೆಯವರು. ಮೊದಲ ಬಸ್ಸಿಗೆ ಬಂದು ದಿನಕ್ಕೆ ಐದು ಮನೆಯ ತೊಟ್ಟಿ ನೋಡುತ್ತಾರೆ. ಏಳು ವರ್ಷದ ಹಿಂದೆ, ಕೆಲಸದ ಹೊಸತರಲ್ಲಿ, ಅವರಿಗೆ ಗೊತ್ತಿದ್ದದ್ದು ಕುರಿ ನೀರು ಕುಡಿಯುವ ಕಲ್ಲುಬಾನಿ ತಿಕ್ಕುವುದೊಂದೇ. ಅದೇ ಕೈಯಿಂದ ಎರಡು ಬೀದಿ ಆಚೆಯ ನಿವೃತ್ತ ಶಿಕ್ಷಕಿ ಸಖೂಬಾಯಿಯವರ ತೊಟ್ಟಿ ತಿಕ್ಕಿದರು. ನೀರೆಲ್ಲ ಚೆಲ್ಲಿದರು, ತಳದ ಹರಳು, ಸ್ಪಂಜು ನಲ್ಲಿಯಡಿ ತೊಳೆದರು, ಆಗಷ್ಟೇ ಬಂದ ನಲ್ಲಿ ನೀರು ತುಂಬಿದರು. ತೊಟ್ಟಿ ಕನ್ನಡಿಯಂತಾಯಿತು. ಸಖೂಬಾಯಿ ಚಹಾ ಕೊಟ್ಟು ಹೊಗಳಿದರು. ಮರುದಿನ ಹನ್ನೊಂದು ಮೀನೂ ತೇಲಿದವು.

"ಬಿಸಲಿಗೆ ಸತ್ತಾವರೀ ಅಂತ ಅಂಜಿ ಅಂದೆ. ಅವರು ನಂಬಿದ್ರು. ಫ್ಯಾನ್ ಹಾಕಲಾರದ ನಾನ ಕೊಂದೆ ಅಂತ ಅತ್ರು."

ಹೊಸ ನಲ್ಲಿ ನೀರಿನ ಕ್ಲೋರಿನ್, ಸ್ಪಂಜಿನಿಂದ ತೊಳೆದುಹೋದ ಜೀವಗಳು: ನಿಜವಾದ ಈ ಕಾರಣವನ್ನು ಆಮೇಲೆ ಮೀನಂಗಡಿಯವರು ತಿಳಿಸಿದರು. ಅದನ್ನು ಹೇಳಲು ಸಖೂಬಾಯಿಯವರ ಮನೆ ಬಾಗಿಲಿಗೆ ಅಮಸಿದ್ದ ಎಷ್ಟೋ ಸಲ ಹೋಗಿದ್ದಾರೆ. ಪ್ರತಿ ಸಲ ಚಹಾ ಬರುತ್ತದೆ, ಕುಡಿದು ಹಾಗೇ ಎದ್ದು ಬರುತ್ತಾರೆ. ಆ ತೊಟ್ಟಿಯಲ್ಲಿ ಈಗ ಉಳ್ಳಾಗಡ್ಡಿ ತುಂಬಿದ್ದಾರೆ. ಇನ್ನೊಮ್ಮೆ ಮೀನು ಸಾಕಲು ತಮಗೆ ಯೋಗ್ಯತೆ ಇಲ್ಲ ಎನ್ನುತ್ತಾರಂತೆ ಸಖೂಬಾಯಿ.

ಒಂದು ಸಲ ಅದರಲ್ಲಿ ನೀರು ತುಂಬಿ ನಾಲ್ಕು ಮೀನು ಬಿಡಬೇಕು, ಇಷ್ಟೇ ಅಮಸಿದ್ದರ ಆಸೆ. ಈ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ, ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಾರೆ.

"ಬರೀರಿ. ಸಖೂಬಾಯಾರು ಪೇಪರ್ ಬಿಡದ ಓದ್ತಾರ. ಅಚ್ಚಾಗೋದ್ರೊಳಗ ನಾನ ಹೋಗಿ ಹೇಳಬೇಕಾಕ್ಕೈತಿ."