ಬಿರುಗಾಳಿಯ ಸಂಜೆ ಬೀಶ್ಯಾಳ ಆಜ್ಞೆಗಳು

ತೈವಾನಿನ ಕಡಲ ಪಕ್ಕದ ಆ ಜಿಲ್ಲಾ ಕಚೇರಿಯಲ್ಲಿ, ಜನರೇ ಓಟು ಹಾಕಿ ಆರಿಸಿದ ಜಿಲ್ಲಾಧೀಶರ ಮಾತು ಮೀರುವವರು ಬೇಕಾದಷ್ಟಿದ್ದರು; ಜೆನ್ ಬೀಶ್ಯಾಳ ಮಾತು ಮೀರುವವರು ಯಾರೂ ಇರಲಿಲ್ಲ. ಏಕೆಂದರೆ ಅವಳ ಸಾಮ್ರಾಜ್ಯಕ್ಕೆ ಒಬ್ಬನೇ ಪ್ರಜೆ: ಜಿಲ್ಲೆಯ ವೆಬ್‌ಸೈಟ್ ನಡೆಸುವ ಸರ್ವರ್. ಇವರನ್ನು ಬಿಡು, ಅವರನ್ನು ತಡೆ, ಈ ಪುಟ ಕೇಳಿದರೆ ಅದನ್ನು ಕೊಡು ಎಂದು ಸಾಲಿಗೊಂದು ಆಜ್ಞೆ ಬರೆದಿಟ್ಟರೆ ಸಾಕು, ಚಾಚೂ ತಪ್ಪದೆ ಪಾಲಿಸುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಂದಲೂ ಸಿಗದ ವಿಧೇಯತೆ.

ಆದರೆ ಹೋದ ವರ್ಷ ಮಾನ ಹೋಗಿತ್ತು. ಬಿರುಗಾಳಿಗೆ ನಾಳೆ ರಜೆಯುಂಟೋ ಇಲ್ಲವೋ ಎಂಬ ಜಿಲ್ಲಾಧೀಶರ ತೀರ್ಮಾನ ರಾತ್ರಿ ಎಂಟಕ್ಕೆ ಪ್ರಕಟವಾಗುವ ಹೊತ್ತಿಗೆ ಜಿಲ್ಲೆಗೆ ಜಿಲ್ಲೆಯೇ ಮುಗಿಬಿದ್ದು, ಸೈಟ್ ಬಾಗಿಲು ಹಾಕಿಕೊಂಡಿತ್ತು. ಇನ್ನೊಮ್ಮೆ ಹೀಗಾದರೆ ಸರ್ವರ್ ಹೊರಗಿನ ಕಂಪನಿಗೆ, ಬೀಶ್ಯಾ ಹಳೇ ಕಾಗದಗಳ ಕೋಣೆಗೆ ಎಂದು ಮೇಲಧಿಕಾರಿ ಲಾಯ್ ಹೇಳಿಬಿಟ್ಟಿದ್ದರು.

ಈಗ ಮತ್ತೆ ಬಿರುಗಾಳಿ ಹತ್ತಿರವಾಗಿತ್ತು. ಮಧ್ಯಾಹ್ನ ಅವಳು ಸರ್ವರ್ ಕೋಣೆಗೆ ಬಂದರೆ ಲಾಯ್ ಕರಕರ ಅಗಿಯುತ್ತ ನಿಂತಿದ್ದಾರೆ! ಯಂತ್ರ ತಂಟೆ ಮಾಡದಿರಲೆಂದು ಅಲ್ಲಿನ ಎಲ್ಲ ಕಚೇರಿಗಳಲ್ಲೂ ಅದರ ತಲೆಮೇಲೆ ಇಡುವ ಹಸಿರು ತಿಂಡಿ ಪೊಟ್ಟಣ ಅವರ ಕೈಯಲ್ಲಿ.

“ಸಾಹೇಬ್ರೇ! ಅದು ಅದರದ್ದು!”

“ಊಟ ಆಗಿರ್ಲಿಲ್ಲ ಬೀಶ್ಯಾ ಅಕ್ಕಾ. ಎರಡೇ ಎರಡು ತಿಂದೆ.”

“ಎರಡು ಉಳಿಸಿದೀರಿ ಅನ್ನಿ.”

ಲಾಯ್ ಮುಖ ಬಿಳಿಚಿತು. “ಕೆಳಗಿನ ಅಂಗಡೀಲಿ ಹಳದಿ ಪೊಟ್ಟಣ ಇದೆ, ತರ್ಲಾ?”

“ಯಂತ್ರಕ್ಕೆ ಹಸಿರೇ ಶುಭ. ಹಳದಿ ಇಟ್ರೆ ಇರೋದೂ ಕೆಟ್ಟುಹೋಗತ್ತೆ. ನೀವು ಕೈಮುಗಿದು ಕ್ಷಮೆ ಕೇಳ್ತಾ ಕೂತ್ಕೊಳ್ಳಿ. ನಾನು ಆಜ್ಞೆ ಓದ್ತೀನಿ.”

ಹಟ ಹಿಡಿದು ಮೊದಲ ಸಾಲಿನಿಂದ ಓದಿದಳು. ಹೋದ ವರ್ಷದ ದಾಖಲೆಯನ್ನೂ ಪಕ್ಕದಲ್ಲಿ ತೆರೆದಳು. ಸರ್ವರ್ ಬಿದ್ದೇ ಇರಲಿಲ್ಲ! ಎದೆ ಸೆಟೆಸಿ ನಿಂತು ಜನರನ್ನು ಅಟ್ಟಿತ್ತು. ಅಟ್ಟು ಎಂದವಳು ಇವಳೇ. ಬಂದರಿನಲ್ಲಿ ಮೀನುಂಡೆ ಸಾರು ಮಾರುತ್ತಿದ್ದ ಅಮ್ಮ “ಒಬ್ಬರಿಗೆ ಒಂದೇ ಬಟ್ಟಲು!” ಎಂದು ಗದರುವುದನ್ನು ಕೇಳಿ ಬೆಳೆದವಳು, ‘ಒಂದು ಇಂಟರ್ನೆಟ್ ವಿಳಾಸಕ್ಕೆ ಒಮ್ಮೆಗೆ ಹತ್ತೇ ಕೋರಿಕೆ’ ಎಂದು ಬರೆದಿದ್ದಳು. ಮೊಬೈಲ್ ಕಂಪನಿಯವರು ಸಾವಿರಾರು ಜನರನ್ನು ಒಂದೇ ವಿಳಾಸದಿಂದ ಕಳಿಸುತ್ತಾರೆಂಬುದು ಆಗ ಹೊಳೆದಿರಲಿಲ್ಲ. ವಿಧೇಯ ಸರ್ವರ್ ಅರ್ಧ ಜಿಲ್ಲೆಯನ್ನು ಒಬ್ಬ ಹೊಟ್ಟೆಬಾಕನೆಂದು ಬಗೆದಿತ್ತು.

“ಯಾರದ್ದು ತಪ್ಪು?” ಲಾಯ್ ಕಣ್ಣು ಬಿಟ್ಟರು.

“ನಂದೇ. ಈಗ ಸುಮ್ನಿರಿ.”

ಆ ಸಾಲು ಅಳಿಸಿದಳು. ರಜೆಯ ಪುಟವನ್ನು ಪ್ರತಿಯೊಬ್ಬರಿಗೂ ಹೊಸದಾಗಿ ಬೇಯಿಸದೆ, ಒಮ್ಮೆ ಮಾಡಿಟ್ಟುಕೊಂಡು ಕೇಳಿದವರಿಗೆಲ್ಲ ಬಡಿಸು ಎಂದು ಹೊಸ ಆಜ್ಞೆ ಬರೆದಳು. ತಪ್ಪಿದೆಯೇ ಎಂದು ಪರೀಕ್ಷಿಸಿ, ಮತ್ತೆ ಪರೀಕ್ಷಿಸಿ, ಜಾರಿ ಮಾಡಿದಳು.

ಎಂಟು ಹೊಡೆಯಿತು. ಜಿಲ್ಲೆಗೆ ಜಿಲ್ಲೆಯೇ ದಂಡೆತ್ತಿ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲರ ಫೋನಿನಲ್ಲೂ ಪುಟ ತೆರೆಯಿತು: ನಾಳೆ ರಜೆಯಿಲ್ಲ.

ಮರುಕ್ಷಣವೇ ಸೈಟಿನ ದೂರು ಪೆಟ್ಟಿಗೆಗೆ ಬೈಗುಳದ ಸುರಿಮಳೆ. ಜಿಲ್ಲಾಧೀಶರ ಮನೆತನ, ಮುಖ, ಮುಂದಿನ ಚುನಾವಣೆ, ಯಾವುದನ್ನೂ ಜನ ಬಿಡಲಿಲ್ಲ.

“ಅಕ್ಕಾ, ಒಂದಷ್ಟಾದ್ರೂ ತಡೀಬಾರ್ದಾ?” ಲಾಯ್ ಗೋಗರೆದರು.

“ಒಂದನ್ನೂ ತಡೆಯಲ್ಲ ಸಾಹೇಬ್ರೇ.”

ತಡೆಯಲೂ ಇಲ್ಲ. ಮರುದಿನ ಅಡ್ಡಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದ ಬೀಶ್ಯಾ ತನ್ನ ಕುರ್ಚಿಯಲ್ಲೇ ಕೂತಳು. ಏಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.