ಸಾವ್ಕಾರರು ತೋರಿಸಿದ ಸಿನಿಮಾ

ಒಬ್ಬ ಪತ್ರಕರ್ತ ದೊಡ್ಡ ಕಂಪನಿಯ ಬಂಡವಾಳ ಬಯಲು ಮಾಡುವ ಸಿನಿಮಾ ಅದು. ನಮಗೆ ಅದನ್ನು ಪುಕ್ಕಟೆ ತೋರಿಸಿದವರು ನಮ್ಮ ಕಾರ್ಖಾನೆಯ ಸಾವ್ಕಾರರೇ. ದಾವಣಗೆರೆಯ ಟಾಕೀಸಿನಲ್ಲಿ ಒಂದು ಇಡೀ ಆಟವನ್ನೇ ನಮಗಾಗಿ ಕಾದಿರಿಸಿ, ಮಧ್ಯಂತರದಲ್ಲಿ ಮಂಡಕ್ಕಿ, ಮಿರ್ಚಿಯನ್ನೂ ಕೊಡಿಸಿದರು. ಹಬ್ಬಕ್ಕೆ ಬೋನಸ್ ಕೇಳಿದರೆ ಮುಖ ಗಂಟಿಕ್ಕುವವರು ಇಷ್ಟು ಧಾರಾಳ ಯಾಕಾದರೆಂದು ನನಗೆ ಗುಮಾನಿಯಿತ್ತು. ಆದರೂ ಮಿರ್ಚಿ ತಿಂದೆ.

ದಾವಣಗೆರೆ ಪಕ್ಕದ ಕರೂರಿನ ಆ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಮಾಡುತ್ತಿದ್ದೆ. ನಮ್ಮನೆಯವರು ತಗಡು ಒತ್ತುವ ಮಷೀನಿನಲ್ಲಿದ್ದರು. ಮಷೀನು ಅವರ ಬಲಗೈ ಬೆರಳುಗಳನ್ನು ತಿಂದಾಗ, ಸಾವ್ಕಾರರು ಆಸ್ಪತ್ರೆಯಲ್ಲಿ ಅದು ಮನೆಯಲ್ಲಾದ ಗಾಯವೆಂದು ಬರೆಸಿದರು. ಬಾಯಿ ಮುಚ್ಚಿಕೊಂಡಿರಲಿ ಎಂದು ಗೇಟಿನ ಕಾವಲು ಕೆಲಸ ಕೊಟ್ಟರು. "ನಂದೇ ತಪ್ಪು ಅನ್ನಂಗಾತಲ್ಲೇ" ಎಂದು ಒಮ್ಮೆ ಅಂದ ನಮ್ಮನೆಯವರು ಆಮೇಲೆ ಮನೆಯಲ್ಲೂ ಮಾತು ಕಡಿಮೆ ಮಾಡಿದರು.

ಆಟ ಬಿಟ್ಟಾಗ ಬಾಗಿಲಲ್ಲಿ ಚಾನೆಲ್‌ನವನೊಬ್ಬ ಮೈಕು ಹಿಡಿದು ನಿಂತಿದ್ದ. "ಹೆಂಗೈತ್ರಿ ಪಿಚ್ಚರ್?" ಎಂದು ಎಲ್ಲರನ್ನೂ ಕೇಳುತ್ತಿದ್ದ.

"ಪತ್ರಕರ್ತ ಅಂದ್ರೆ ಹಿಂಗಿರ್ಬೇಕ್ರಿ" ಎಂದರು ಒಬ್ಬರು.

"ತೋರ್ಸಿದ ಸಾವ್ಕಾರ್ರು ದೇವ್ರಂಥೋರು" ಎಂದರು ಇನ್ನೊಬ್ಬರು. ಪಕ್ಕದಲ್ಲೇ ಸೂಪರ್‌ವೈಸರ್ ನಿಂತಿದ್ದರೆ ಇನ್ನೇನು ಹೇಳುತ್ತಾರೆ!

ಸಿನಿಮಾದಲ್ಲಿ ಪತ್ರಕರ್ತ ಗೆದ್ದಾಗಿನಿಂದ ನಮ್ಮನೆಯವರ ಕಣ್ಣು ಒದ್ದೆಯಾಗಿತ್ತು. ಅವನೇ ತೆರೆಯಿಂದ ಇಳಿದು ಬಂದನೆಂದುಕೊಂಡರೋ ಏನೋ, ಮೈಕಿನ ಮುಂದೆ ಆ ಕೈ ಎತ್ತಿ ಹಿಡಿದರು.

"ಪಿಚ್ಚರ್ ಚೆನ್ನಾಗೈತ್ರಿ. ಆದ್ರೆ ಇದನ್ನೂ ತೋರ್ಸ್ರಿ. ಇದು ಮನ್ಯಾಗೆ ಆಗಿದ್ದಲ್ಲ, ಕಾರ್ಖಾನ್ಯಾಗೆ ಆಗಿದ್ದು."

"ಸಾಕು ಬರ್ರಿ" ಎಂದು ತೋಳು ಎಳೆದೆ.

"ಬಿಡೇ, ಕೇಳಕ್ಕಂತ್ಲೇ ಬಂದಾರೆ."

ಸೂಪರ್‌ವೈಸರ್ ಕೇಳಿಸಿಕೊಳ್ಳುತ್ತಿದ್ದಾರೆಂಬ ಭಯ ನನಗೆ. ಆದರೂ ಎಷ್ಟೋ ದಿನಗಳ ಮೇಲೆ ಅವರ ದನಿ ಕೇಳಿ ಹೆಮ್ಮೆಯಾಯಿತು. ಮೈಕಿನವನು ಸೂಪರ್‌ವೈಸರ್ ಮುಖ ನೋಡಿದ. ಅವನನ್ನು ಕರೆಸಿದವರು ಯಾರೆಂದು ನನಗೆ ಆಗ ತಿಳಿಯಿತು.

ಸೋಮವಾರ ಗೇಟಿನಲ್ಲಿ ಬೇರೊಬ್ಬ ಕೂತಿದ್ದ. "ಇನ್ಮ್ಯಾಲೆ ಬರಾದು ಬ್ಯಾಡಂತ್ರಿ, ಇಬ್ರೂ" ಎಂದ, ನೆಲ ನೋಡುತ್ತ. ನಾವು ಹರಿಹರದ ಬಸ್ಸು ಹತ್ತಿ ಮನೆಗೆ ವಾಪಸಾದೆವು.

ಓಣಿಗೆ ಕಾಲಿಡುತ್ತಿದ್ದಂತೆ ಪಕ್ಕದ ಮನೆಯಾಕೆ ಮೊಬೈಲು ಹಿಡಿದು ಓಡಿ ಬಂದಳು. "ಅಣ್ಣಾರು ಚಾನೆಲ್ನಾಗೆ ಬಂದಾರೆ ನೋಡಕ್ಕ!"

ವಿಡಿಯೊದಲ್ಲಿ ನಮ್ಮನೆಯವರು "ಪಿಚ್ಚರ್ ಚೆನ್ನಾಗೈತ್ರಿ" ಎಂದರು. ಅಷ್ಟಕ್ಕೇ ಕತ್ತರಿಸಿ ಸಾವ್ಕಾರರ ಫೋಟೊ ಹಾಕಿದ್ದರು. ನಮ್ಮನೆಯವರು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಉಳಿದಿದ್ದೂ ಹೇಳಿದ್ನಲ್ಲೇ ನಾನು? ನೀನು ಕೇಳಿದ್ಯಲ್ಲ?"

"ಹೇಳಿದ್ರಿ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ.